ಸಿನಿಮಾದ ಹಂಗಿಲ್ಲದೆ ಗೆದ್ದ ‘ಡಿಸ್ಕೊ ದೀವಾನೆ’

ಇಬ್ಬರೂ ಬೆಂಗಳೂರಿನಲ್ಲಿ ಹುಟ್ಟಿದವರು. ಒಬ್ಬರು ಫಿರೋಜ್ ಖಾನ್. ಮುಂಬೈಗೆ ಹೋಗಿ ಹೀರೊ ಆದವರು, ಆಮೇಲೆ ತಾವೇ ನಿರ್ಮಾಪಕ, ತಾವೇ ನಿರ್ದೇಶಕರಾಗಿ ಅದ್ದೂರಿ ಸಿನಿಮಾ ತೆಗೆಯುವ ಖಯಾಲಿ ಹಚ್ಚಿಕೊಂಡವರು. ಇನ್ನೊಬ್ಬರು ಬಿದ್ದು ಅಪ್ಪಯ್ಯ. ಕೊಡವ ಮನೆತನದ ಹುಡುಗ, ಗಿಟಾರ್ ಹಿಡಿದು ಲಂಡನ್ ಸೇರಿದವರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಫಿರೋಜ್ ಖಾನ್ ‘ಕುರ್ಬಾನಿ’ ತೆಗೆಯುತ್ತಿದ್ದರು. ಅದರ ಸಂಗೀತದ ಹೊಣೆ ಕಲ್ಯಾಣ್‌ಜಿ–ಆನಂದ್‌ಜಿ ಜೋಡಿಯದು. ಆದರೆ ಒಂದು ಹಾಡು ಮಾತ್ರ ಲಂಡನ್ನಿನ ಡಿಸ್ಕೊಗಳಲ್ಲಿ ಕೇಳಿಸುವಂಥದ್ದೇ ಆಗಬೇಕು ಎಂದು ಖಾನ್ ಸಾಹೇಬರ ಹಟ. ಬಿದ್ದು ಅವರಿಗೋ ಹಿಂದಿ ಸಿನಿಮಾ ಸಂಗೀತವೆಂದರೆ ಅಷ್ಟಕ್ಕಷ್ಟೆ. ಊರಿನವರ ಮಾತು ತೆಗೆದುಹಾಕಲಾಗದೆ ಒಪ್ಪಿಕೊಂಡರು. ಹಾಡಲು ಸಿಕ್ಕವಳು ಲಂಡನ್ನಿನ ಪಾರ್ಟಿಯೊಂದರಲ್ಲಿ ಫಿರೋಜ್ ಕಣ್ಣಿಗೆ ಬಿದ್ದಿದ್ದ ಕರಾಚಿಯ ಶಾಲಾ ಹುಡುಗಿ, ನಾಜಿಯಾ ಹಸನ್.

1980ರಲ್ಲಿ ‘ಕುರ್ಬಾನಿ’ ತೆರೆಕಂಡಿತು. ಜೀನತ್ ಅಮಾನ್ ಹೆಜ್ಜೆ ಹಾಕಿದ ‘ಆಪ್ ಜೈಸಾ ಕೋಯಿ’ ದೇಶವನ್ನೆಲ್ಲ ಕುಣಿಸಿತು. ಮರುವರ್ಷ ನಾಜಿಯಾಗೆ ಅತ್ಯುತ್ತಮ ಹಿನ್ನೆಲೆ ಗಾಯಕಿ ಎಂದು ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆಗ ಅವಳಿಗೆ 15 ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪ್ರಶಸ್ತಿ ಪಡೆದವರು ಇನ್ನೊಬ್ಬರಿಲ್ಲ.

ಇಂಥ ಕಥೆ ಮುಂಬೈಯಲ್ಲಿ ಸಾಮಾನ್ಯವಾಗಿ ಎಲ್ಲಿಗೆ ಹೋಗಬೇಕು? ಹುಡುಗಿ ಮುಂಬೈಗೆ ಬಂದು, ವರ್ಷಕ್ಕೆ ಐವತ್ತು ಸಿನಿಮಾಕ್ಕೆ ಹಾಡಿ, ನಾಲ್ಕು ವರ್ಷಕ್ಕೆ ಸವೆದು ಹೋಗಬೇಕು. ಇಲ್ಲಿ ಹಾಗಾಗಲಿಲ್ಲ. 1981ರಲ್ಲಿ ಅದೇ ಬಿದ್ದು, ಅದೇ ಹುಡುಗಿ, ಜೊತೆಗೆ ಅವಳ ತಮ್ಮ ಜೊಹೇಬ್ ಸೇರಿ ಒಂದು ಆಲ್ಬಂ ತಂದರು. ಹೆಸರು ‘ಡಿಸ್ಕೊ ದೀವಾನೆ’. ಅದರ ಹಿಂದೆ ಸಿನಿಮಾ ಇರಲಿಲ್ಲ. ನಾಯಕ ನಾಯಕಿ, ಪೋಸ್ಟರು, ಬೆಳ್ಳಿಹಬ್ಬ ಯಾವುದೂ ಇರಲಿಲ್ಲ. ಅಂಗಡಿಗೆ ಹೋಗಿ ದುಡ್ಡು ಕೊಟ್ಟವರು ಬರೀ ಹಾಡಿಗೆ, ಬರೀ ಒಂದು ದನಿಗೆ ಕೊಟ್ಟರು. ನಮ್ಮಲ್ಲಿ ಪಾಪ್ ಸಂಗೀತದ ಇತಿಹಾಸವನ್ನು ಯಾರಾದರೂ ಬರೆದರೆ ಮೊದಲ ಅಧ್ಯಾಯ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ. ಅದಕ್ಕಿಂತ ಮುಂಚೆಯೂ ಇಂಗ್ಲಿಷಿನಲ್ಲಿ ಹಾಡುವ ಬ್ಯಾಂಡುಗಳಿದ್ದವು, ಉಷಾ ಉತುಪ್ ಇದ್ದರು. ಆದರೆ ಸಿನಿಮಾ ಹಾಡು ಕೊಳ್ಳುವ ಜನರನ್ನೇ ಸಿನಿಮಾ ಇಲ್ಲದ ಡಿಸ್ಕೊ ರೆಕಾರ್ಡಿನ ಮುಂದೆ ನಿಲ್ಲಿಸಿದ್ದು ಇದೇ.

ಬಿದ್ದು ಅವರ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ನಮ್ಮವರೇ ಅವರನ್ನು ಮರೆತಿದ್ದಾರೆ. ಅರವತ್ತರ ದಶಕದ ಬೆಂಗಳೂರಿನಲ್ಲಿ ರೇಡಿಯೊ ಸಿಲೋನ್ ಕೇಳುತ್ತಾ ಬೆಳೆದು, ಗೆಳೆಯರೊಂದಿಗೆ ‘ಟ್ರೋಜನ್ಸ್’ ಎಂಬ ಬ್ಯಾಂಡ್ ಕಟ್ಟಿಕೊಂಡವರು. ಬೆಂಗಳೂರು, ಕೋಲ್ಕತ್ತ, ಮುಂಬೈಗಳಲ್ಲಿ ಬೀಟಲ್ಸ್ ಕಾಲದ ಹಾಡುಗಳನ್ನು ನುಡಿಸುತ್ತಿದ್ದರು. ಆ ತಂಡ ಚದುರಿದ ಮೇಲೆ ಮಧ್ಯಪ್ರಾಚ್ಯದ ದಾರಿ ಹಿಡಿದು ಇಂಗ್ಲೆಂಡಿಗೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಅಡುಗೆ ಕೆಲಸವನ್ನೂ ಮಾಡಿದ್ದುಂಟು. 1974ರಲ್ಲಿ ಅದೃಷ್ಟ ತಿರುಗಿತು. ಜಮೈಕ ಮೂಲದ ಕಾರ್ಲ್ ಡಗ್ಲಸ್ ಎಂಬ ಗಾಯಕನ ಹಾಡೊಂದನ್ನು ಧ್ವನಿಮುದ್ರಿಸುತ್ತಿದ್ದರು. ರೆಕಾರ್ಡಿನ ಹಿಂಬದಿ ತುಂಬಲು ಇನ್ನೊಂದು ಹಾಡು ಬೇಕಿತ್ತು. ಸ್ಟುಡಿಯೊ ಅವಧಿ ಮುಗಿಯುವ ಕೊನೆಯ ಗಳಿಗೆಯಲ್ಲಿ, ತಮಾಷೆಗೆಂಬಂತೆ, ‘ಕುಂಗ್ ಫೂ ಫೈಟಿಂಗ್’ ಮುದ್ರಿಸಿದರು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದು ಒಂದನೇ ಸ್ಥಾನಕ್ಕೇರಿತು. ಆಮೇಲೆ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ 1976ರಲ್ಲಿ ಮತ್ತೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ. ನಾಜಿಯಾಳ ಮುಂದೆ ಮೈಕ್ ಇಟ್ಟಾಗ ಬಿದ್ದು ಹೊಸಬರಲ್ಲ. ಯಾವ ತಾಳಕ್ಕೆ ಜನರ ಕಾಲು ತಾನಾಗಿ ಅಲುಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ತಾಳ ಬಹಳ ಸರಳ. ನಾಲ್ಕು ಎಣಿಕೆಗೆ ನಾಲ್ಕೂ ಪೆಟ್ಟು ದಪ್ಪ ಡ್ರಮ್ಮಿನ ಮೇಲೆ ಬೀಳುತ್ತದೆ. ಪೆಟ್ಟು ಪೆಟ್ಟಿನ ನಡುವೆ ಕಂಚಿನ ತಟ್ಟೆ ‘ಛಿಸ್’ ಎನ್ನುತ್ತದೆ. ನಿಮಿಷಕ್ಕೆ ಸುಮಾರು 120 ಪೆಟ್ಟು, ಅಂದರೆ ಚುರುಕಾಗಿ ನಡೆಯುವವನ ಹೆಜ್ಜೆಯಷ್ಟು. ನಮ್ಮ ಢೋಲಕ್ಕಿನ ಠೇಕಾದಲ್ಲಿ ಒಂದು ಪೆಟ್ಟು ಜೋರು, ಒಂದು ಮೆತ್ತಗೆ, ಒಂದು ಜಾಗ ಖಾಲಿ. ಅದು ಕೊಂಕುತ್ತದೆ, ಬಳುಕುತ್ತದೆ. ಡಿಸ್ಕೊದಲ್ಲಿ ಆ ಬಳುಕು ಇಲ್ಲ. ತಾಳ ಗೊತ್ತಿಲ್ಲದವರೂ ತಪ್ಪದೆ ಕುಣಿಯಲಿ ಎಂಬುದೇ ಅದರ ಉದ್ದೇಶ. ಬಳುಕುವ ಕೆಲಸವನ್ನು ಬಾಸ್ ಗಿಟಾರಿಗೂ ಪಿಟೀಲುಗಳಿಗೂ ಬಿಟ್ಟುಕೊಟ್ಟಿರುತ್ತಾರೆ.

ಇನ್ನು ಧ್ವನಿಮುದ್ರಣ. ಆ ಕಾಲದ ಮುಂಬೈಯಲ್ಲಿ ಹತ್ತಾರು ವಾದ್ಯಗಾರರು, ಗಾಯಕರು ಒಂದೇ ಸೂರಿನಡಿ ಸೇರಿ, ಒಂದೇ ಉಸಿರಿಗೆ ಹಾಡು ಮುಗಿಸುವುದು ರೂಢಿ. ಒಬ್ಬ ಪಿಟೀಲಿನವನು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಅದರಲ್ಲೊಂದು ಜೀವಂತಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಲಂಡನ್ನಿನಲ್ಲಿ ಬಿದ್ದು ಬಳಸಿದ್ದು 24 ಟ್ರ್ಯಾಕಿನ ಯಂತ್ರ. ಡ್ರಮ್ಮಿಗೆ ಬೇರೆ ಟ್ರ್ಯಾಕು, ಬಾಸಿಗೆ ಬೇರೆ, ಸಿಂಥಸೈಜರಿಗೆ ಬೇರೆ, ದನಿಗೆ ಬೇರೆ. ಒಂದೊಂದನ್ನೂ ತಿದ್ದಿ, ತೂಗಿ, ಆಮೇಲೆ ಸೇರಿಸಬಹುದು. ಒಂದೇ ದನಿಯನ್ನು ಅದರ ಮೇಲೇ ಪೇರಿಸಬಹುದು. ಇಯರ್‌ಫೋನ್ ಹಾಕಿಕೊಂಡು ಕೇಳಿ: ನಾಜಿಯಾಳ ಹಿಂದೆ ಇನ್ನೊಬ್ಬಳು ನಾಜಿಯಾ ನಿಂತು ಜೊತೆಗೇ ಹಾಡುತ್ತಿರುವಂತೆ ಅನಿಸುತ್ತದೆ. ಆ ದನಿಗೆ ದೂರದಿಂದ ಬಂದಂಥ ಒಂದು ಮಂಕು ಹೊಳಪು ಸಿಕ್ಕಿರುವುದು ಇದರಿಂದಲೇ.

ದನಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಾಜಿಯಾಳದು ಸಾಧನೆಯ ಕಂಠವಲ್ಲ. ಮೂಗಿನಿಂದ ಕೊಂಚ ಬರುವ, ಕೆಳಸ್ಥಾಯಿಯಲ್ಲೇ ಓಡಾಡುವ, ಗಮಕ ಮುರ್ಕಿಗಳ ಗೊಡವೆಗೇ ಹೋಗದ ದನಿ. ಲತಾ, ಆಶಾ ಅವರ ಮಟ್ಟದಲ್ಲಿ ಅಳೆದರೆ ಪಾಸು ಮಾರ್ಕೂ ಬರುವುದಿಲ್ಲ. ನಮ್ಮ ಎಸ್. ಜಾನಕಿಯವರು ಒಂದು ಸಾಲಿನಲ್ಲಿ ತೋರಿಸುವ ಏರಿಳಿತ ಇಲ್ಲಿ ಇಡೀ ಆಲ್ಬಮ್ಮಿನಲ್ಲಿ ಹುಡುಕಿದರೂ ಸಿಗದು. ಆದರೆ ಅಲ್ಲಿಯವರೆಗೆ ಹಿನ್ನೆಲೆ ಗಾಯನದಲ್ಲಿ ಹದಿನಾರರ ನಾಯಕಿಗೆ ಹಾಡುತ್ತಿದ್ದವರು ನಲವತ್ತು ಐವತ್ತು ದಾಟಿದ ಮಹಾನ್ ಗಾಯಕಿಯರು. ಅವರು ಹರೆಯವನ್ನು ಅಭಿನಯಿಸುತ್ತಿದ್ದರು, ಅದ್ಭುತವಾಗಿಯೇ ಅಭಿನಯಿಸುತ್ತಿದ್ದರು. ಇಲ್ಲಿ ಹರೆಯದವಳೇ ಹಾಡುತ್ತಿದ್ದಾಳೆ. ಅಭಿನಯವಿಲ್ಲ, ಒಂಚೂರು ಬೇಸರ ಬೆರೆತಂಥ ನಿರ್ಲಿಪ್ತಿ ಇದೆ. ಪ್ರೀತಿಯ ಮಾತನ್ನೂ ಕಿಟಕಿಯಾಚೆ ನೋಡುತ್ತಾ ಹೇಳಿದಂತಿದೆ. ಕಾಲೇಜು ಹುಡುಗ ಹುಡುಗಿಯರು ಮರುಳಾದದ್ದು ಇದಕ್ಕೇ. ಇದು ನಮಗೂ ಹಾಡಲು ಬರುವಂಥ ಹಾಡು ಎನ್ನಿಸಿತು.

ಶೀರ್ಷಿಕೆ ಗೀತೆಯನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಅದು ಆಲ್ಬಮ್ಮಿನ ಬೋರ್ಡು ಮಾತ್ರ. ಒಳಗೆ ಹೋದರೆ ಬೇರೆಯದೇ ಮನೆಯಿದೆ. ಸಂಗೀತದಲ್ಲಿ ಜೊಹೇಬ್ ಪಾಲೂ ಇದೆ; ಅಕ್ಕನಿಗಿಂತ ಚಿಕ್ಕವನು, ಮೀಸೆ ಮೂಡುವ ವಯಸ್ಸು. ‘ಲೇಕಿನ್ ಮೇರಾ ದಿಲ್’ ಕೇಳಿದರೆ ಇದು ಕುಣಿಯಲು ಮಾಡಿದ ರೆಕಾರ್ಡು ಎಂದು ಹೇಳುವುದೇ ಕಷ್ಟ. ಅದರಲ್ಲಿರುವುದು ಪಕ್ಕಾ ಉರ್ದು ಹಾಡಿನ ವಿಷಾದ. ಲಂಡನ್ನಿನ ಯಂತ್ರಗಳು ಆ ವಿಷಾದಕ್ಕೆ ಕೋಟು ತೊಡಿಸಿವೆ, ಅಷ್ಟೆ. ‘ಆವೋ ನಾ’ ಇವೆರಡರ ನಡುವಿನದು. ತಾಳಕ್ಕೆ ತಲೆಯಾಡಿಸುತ್ತಲೇ ಎಲ್ಲೋ ಕಳೆದುಹೋಗುವಂಥದ್ದು. ಕರಾಚಿಯಲ್ಲಿ ಸೊಹೇಲ್ ರಾಣಾ ಅವರ ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಹಾಡುತ್ತಿದ್ದ ಅಕ್ಕ ತಮ್ಮ ಇವರು; ಆ ಮಕ್ಕಳ ಹಾಡಿನ ಮುಗ್ಧತೆ ಇನ್ನೂ ಪೂರ್ತಿ ಅಳಿಸಿಲ್ಲ.

ಮಾರಾಟಕ್ಕೆ ಕಾಲವೂ ಕೂಡಿಬಂತು. ಎಂಬತ್ತರ ದಶಕದ ಆರಂಭವೆಂದರೆ ಗಲ್ಫಿಗೆ ಹೋದವರು ಊರಿಗೆ ಮರಳುವಾಗ ಹೆಗಲಿಗೆ ರೇಡಿಯೊ, ಕ್ಯಾಸೆಟ್ ಪ್ಲೇಯರ್ ಎರಡೂ ಇರುವ ‘ಟೂ ಇನ್ ಒನ್’ ತಗುಲಿಸಿಕೊಂಡು ಬರುತ್ತಿದ್ದ ಕಾಲ. ಕರಾವಳಿಯ ಮನೆಗಳಲ್ಲಿ ಅದು ಪ್ರತಿಷ್ಠೆಯ ವಸ್ತು, ಅದಕ್ಕೊಂದು ಹೊಲಿಸಿದ ಗವಸು. ಎಲ್‌ಪಿ ರೆಕಾರ್ಡು ದುಬಾರಿ, ಅದನ್ನು ತಿರುಗಿಸುವ ಯಂತ್ರ ಇನ್ನೂ ದುಬಾರಿ. ಕ್ಯಾಸೆಟ್ ಹಾಗಲ್ಲ. ನಮ್ಮೂರಿನಂಥ ಊರುಗಳಲ್ಲಿ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಗಳಿದ್ದವು. 60 ನಿಮಿಷದ ಖಾಲಿ ಕ್ಯಾಸೆಟ್ಟನ್ನೂ ಬೇಕಾದ ಹಾಡುಗಳ ಚೀಟಿಯನ್ನೂ ಕೊಟ್ಟು ಬಂದರೆ ಎರಡು ಮೂರು ದಿನಕ್ಕೆ ತಯಾರು. ಕೊನೆಯಲ್ಲಿ ಎರಡು ನಿಮಿಷ ಉಳಿದರೆ ಅಂಗಡಿಯವನು ತನಗಿಷ್ಟವಾದದ್ದನ್ನು ತುರುಕುತ್ತಿದ್ದ. ಅದು ನಡುವೆಯೇ ತುಂಡಾಗುತ್ತಿತ್ತು. ‘ಆವೋ ನಾ’ ನಾನು ಮೊದಲು ಕೇಳಿದ್ದು ಹಾಗೆಯೇ, ಪಿ.ಬಿ. ಶ್ರೀನಿವಾಸರ ಹಾಡುಗಳ ಕ್ಯಾಸೆಟ್ಟಿನ ಬಾಲದಲ್ಲಿ. ಮನೆಯಲ್ಲಿ ಅಪ್ಪ, ‘ಇದ್ಯಾವುದಯ್ಯಾ ಮಧ್ಯೆ?’ ಎಂದು ಎದ್ದು ಹೋಗಿ ಆಫ್ ಮಾಡುತ್ತಿದ್ದರು. ಗಣೇಶನ ಪೆಂಡಾಲಿನ ರಸಮಂಜರಿಗಳಲ್ಲೂ ಯಾರಾದರೊಬ್ಬಳು ಹುಡುಗಿ ನಾಜಿಯಾಳನ್ನು ಅನುಕರಿಸಿ ಮೂಗಿನಲ್ಲಿ ಹಾಡುವುದು ಖಾಯಂ ಐಟಂ ಆಗಿತ್ತು.

ಭಾರತದಲ್ಲಿ ಇದನ್ನು ಹೊರತಂದದ್ದು ಎಚ್‌ಎಂವಿ. ಬಿಡುಗಡೆಯಾದ ದಿನವೇ ಮುಂಬೈ ಒಂದರಲ್ಲೇ ಲಕ್ಷ ಪ್ರತಿ ಹೋಯಿತು, 14 ದೇಶಗಳಲ್ಲಿ ಅಗ್ರಸ್ಥಾನಕ್ಕೇರಿತು ಎಂಬ ಮಾತುಗಳು ಅಂದಿನಿಂದಲೂ ಓಡಾಡುತ್ತಿವೆ. ಇಂಥ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪುವವನು ನಾನಲ್ಲ. ಮಾರಾಟವನ್ನು ನಂಬಿಕೆಯಿಂದ ಎಣಿಸುವ ವ್ಯವಸ್ಥೆ ಆಗ ನಮ್ಮಲ್ಲಿ ಇರಲೇ ಇಲ್ಲ. ಇದ್ದಿದ್ದರೂ ಅಸಲಿಯ ಎರಡರಷ್ಟು ನಕಲಿ ಕ್ಯಾಸೆಟ್ಟು ಓಡಾಡುವಾಗ ಎಣಿಸುವುದು ಯಾವುದನ್ನು? ನನ್ನಂಥವರ ಮನೆಯ ತುಂಡು ಹಾಡು ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಆದರೆ ದೂರದ ಬ್ರೆಜಿಲ್‌ನಲ್ಲಿ, ಉರ್ದುವಿನ ಗಂಧವೂ ಇಲ್ಲದ ಜನ ಈ ಹಾಡಿಗೆ ಕುಣಿದದ್ದು ನಿಜ. ಅದೊಂದೇ ಸಾಕು, ಅದು ಎಷ್ಟು ದೂರ ನಡೆಯಿತು ಎಂದು ತಿಳಿಯಲು.

ಕನ್ನಡಿಗರಿಗೆ ಸಿನಿಮಾ ಇಲ್ಲದ ಹಾಡು ಹೊಸದೇನಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾದದ್ದೇ. 1978ರಲ್ಲೇ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಬಂದಿತ್ತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಮನೆಮನೆಯ ಮಾತಾಯಿತು, ಮುಂದೆ ಸಿ. ಅಶ್ವಥ್ ಅವರ ‘ಮೈಸೂರು ಮಲ್ಲಿಗೆ’ಗೂ ದಾರಿಯಾಯಿತು. ಉತ್ತರದಲ್ಲಿ ಜಗಜಿತ್–ಚಿತ್ರಾ ಸಿಂಗ್ ಜೋಡಿಯ ಗಜಲ್ ರೆಕಾರ್ಡುಗಳೂ ಎಪ್ಪತ್ತರ ದಶಕದಲ್ಲೇ ಚೆನ್ನಾಗಿ ಮಾರಾಟವಾಗಿದ್ದವು. ಆದರೆ ಅಲ್ಲೆಲ್ಲ ಬಂಡವಾಳ ಕವಿತೆ. ಕವಿಯ ಹೆಸರಿಗೆ ಒಂದು ಮರ್ಯಾದೆಯಿತ್ತು, ಹಿರಿಯರ ಆಶೀರ್ವಾದವಿತ್ತು, ಆಕಾಶವಾಣಿಯಲ್ಲಿ ಒಂದು ಜಾಗವಿತ್ತು. ‘ಡಿಸ್ಕೊ ದೀವಾನೆ’ಗೆ ಇಂಥ ಯಾವ ಹಿರಿಯರ ಶಿಫಾರಸೂ ಇರಲಿಲ್ಲ. ಅದು ಬರೀ ಸದ್ದಿನ ಬಲದಿಂದ ಮಾರಾಟವಾಯಿತು. ಅಂದಹಾಗೆ ಅದೇ 1981ರಲ್ಲಿ ಶಂಕರ್ ನಾಗ್ ‘ಗೀತಾ’ ತೆಗೆದರು, ಇಳಯರಾಜಾ ಸಂಗೀತದಲ್ಲಿ. ಕಾಲೇಜು ಹುಡುಗರ ಕಿವಿ ಯಾವ ಕಡೆ ತಿರುಗಿದೆ ಎಂಬ ಸುಳಿವು ಕನ್ನಡದಲ್ಲೂ ಕೆಲವರಿಗೆ ಹತ್ತಿತ್ತು.

ಒಂದು ಕೊಂಕು ಇಲ್ಲಿದೆ, ಮುಚ್ಚಿಡುವಂತಿಲ್ಲ. ಸಿನಿಮಾದ ಹಂಗಿಲ್ಲದ ಈ ಆಲ್ಬಮ್ಮಿಗೆ ಬಾಗಿಲು ತೆರೆದದ್ದು ಸಿನಿಮಾವೇ. ‘ಕುರ್ಬಾನಿ’ ಇಲ್ಲದಿದ್ದರೆ ಕರಾಚಿಯ ಹುಡುಗಿಯ ಹೆಸರು ಮುಂಬೈಯ ಅಂಗಡಿಯವನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಬಾಗಿಲು ತೆರೆದ ಸಿನಿಮಾ ಆಮೇಲೆ ಬಡ್ಡಿ ಸಮೇತ ವಸೂಲಿಯನ್ನೂ ಮಾಡಿತು. 1982ರಲ್ಲಿ ಬಂದ ‘ಡಿಸ್ಕೊ ಡ್ಯಾನ್ಸರ್’ ನೋಡಿ: ಬಪ್ಪಿ ಲಾಹಿರಿ, ಮಿಥುನ್ ಚಕ್ರವರ್ತಿ, ಮಿಣಮಿಣ ಬೆಲ್ಟು. ಡಿಸ್ಕೊ ಮತ್ತೆ ಹೀರೊನ ಸೊಂಟಕ್ಕೆ ಬಂದು ಕೂತಿತು. ಅದೇ ವರ್ಷ ನಾಜಿಯಾ–ಜೊಹೇಬ್ ಹಾಡುಗಳನ್ನೇ ನೆಚ್ಚಿಕೊಂಡು ಕುಮಾರ್ ಗೌರವ್ ನಾಯಕನಾದ ‘ಸ್ಟಾರ್’ ಬಂತು. ಸಿನಿಮಾ ಮಕಾಡೆ ಮಲಗಿತು, ‘ಬೂಮ್ ಬೂಮ್’ ಹಾಡು ಮಾತ್ರ ಉಳಿಯಿತು. ಆ ಹಾಡುಗಳಿಗೆ ಸಿನಿಮಾ ಬೇಕಾಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪಾಕಿಸ್ತಾನದಲ್ಲಿ ನಾಜಿಯಾಳ ಕಷ್ಟ ಬೇರೆಯದು. ಅದು ಜನರಲ್ ಜಿಯಾ ಉಲ್ ಹಕ್ ಕಾಲ. ಟಿವಿಯಲ್ಲಿ ಕಾಣಿಸುವ ಹೆಣ್ಣುಮಕ್ಕಳ ತಲೆಯ ಮೇಲೆ ದುಪಟ್ಟಾ ಇರಬೇಕೆಂಬ ಕಟ್ಟಪ್ಪಣೆ. ಹುಡುಗಿ ಹುಡುಗ ಒಟ್ಟಿಗೆ ನಿಂತು ಕುಣಿಯುತ್ತಾ ಹಾಡುವುದು ಆಳುವವರ ಕಣ್ಣಿಗೆ ಸಹ್ಯವಾಗಲಿಲ್ಲ. ನಿಂತವರು ಅಕ್ಕ ತಮ್ಮ ಎಂಬುದೂ ಗಣನೆಗೆ ಬರಲಿಲ್ಲ. ಹಾಡನ್ನು ಪೂರ್ತಿ ತಡೆದರೆ ಜನ ಸುಮ್ಮನಿರುವುದಿಲ್ಲವಲ್ಲ, ಅದಕ್ಕೊಂದು ಉಪಾಯ ಹುಡುಕಿದರು: ಸೊಂಟದಿಂದ ಮೇಲಷ್ಟೇ ತೋರಿಸುವುದು. ಕುಣಿತವೇ ಜೀವವಾದ ಹಾಡನ್ನು ಮುಖ ಮತ್ತು ಭುಜದಲ್ಲಿ ನೋಡಿದ ವೀಕ್ಷಕರು ಉಳಿದದ್ದನ್ನು ಊಹಿಸಿಕೊಂಡರು. ಆ ಮನೆಗಳಲ್ಲಿ ಬೆಳೆದ ಮಕ್ಕಳೇ ಮುಂದೆ ಬ್ಯಾಂಡ್ ಕಟ್ಟಿದರು. 1987ರಲ್ಲಿ ‘ವೈಟಲ್ ಸೈನ್ಸ್’ ತಂಡ ‘ದಿಲ್ ದಿಲ್ ಪಾಕಿಸ್ತಾನ್’ ತಂದಿತು. ಅದೇ ತಂಡದ ರೊಹೇಲ್ ಹಯಾತ್ 2008ರಲ್ಲಿ ಪಾಕಿಸ್ತಾನದ ‘ಕೋಕ್ ಸ್ಟುಡಿಯೊ’ ಆರಂಭಿಸಿದರು. ಅದನ್ನು ಇಂದು ನಮ್ಮ ಬೆಂಗಳೂರಿನ ಐಟಿ ಹುಡುಗರೂ ಕೇಳುತ್ತಾರೆ.

ನಾಜಿಯಾ ಮತ್ತೂ ಆಲ್ಬಂ ತಂದರು. 1984ರ ‘ಯಂಗ್ ತರಂಗ್’ ಹಾಡುಗಳಿಗೆ ವಿಡಿಯೊಗಳನ್ನೂ ಮಾಡಲಾಗಿತ್ತು. ನಮ್ಮಲ್ಲಿ ಎಂಟಿವಿ, ಚಾನೆಲ್ ವಿ ಬರುವುದಕ್ಕೆ ವರ್ಷಗಳ ಮುಂಚಿನ ಮಾತಿದು. ‘ಹಾಟ್‌ಲೈನ್’ 1987ರಲ್ಲಿ, ‘ಕ್ಯಾಮೆರಾ ಕ್ಯಾಮೆರಾ’ 1992ರಲ್ಲಿ ಬಂದವು. ಮೊದಲಿನ ಬಿಸಿ ಅವುಗಳಲ್ಲಿ ಇಲ್ಲ. ಹಾಡುವುದೇ ಬದುಕೆಂದು ಅವರು ಎಂದೂ ತಿಳಿದವರಲ್ಲ. ಲಂಡನ್ನಿನಲ್ಲಿ ಓದಿದರು, ಕಾನೂನು ಪದವಿ ಪಡೆದರು, ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಕೆಲಸ ಮಾಡಿದರು. ಬಿದ್ದು ಅವರು ಇನ್ನೊಂದು ಹಾಡು ಸಿದ್ಧಪಡಿಸಿ ಮೊದಲು ಕೇಳಿದ್ದು ನಾಜಿಯಾ ಅವರನ್ನೇ ಎನ್ನುತ್ತಾರೆ. ಆ ಹಾಡು ಪಾಕಿಸ್ತಾನಿಯೊಬ್ಬಳು ಹಾಡಿದರೆ ಊರಿನಲ್ಲಿ ರಂಪವಾಗುವಂಥದ್ದು, ಹಾಗಾಗಿ ಒಲ್ಲೆ ಎಂದರಂತೆ. ಅದು ‘ಮೇಡ್ ಇನ್ ಇಂಡಿಯಾ’. 1995ರಲ್ಲಿ ಅಲೀಷಾ ಚಿನಾಯ್ ಹಾಡಿದರು, ಮ್ಯಾಗ್ನಾಸೌಂಡ್ ಹೊರತಂದಿತು. ಕೇಬಲ್ ಟಿವಿ ಬಂದ ಹೊಸತು. ಮಿಲಿಂದ್ ಸೋಮನ್ ಪೆಟ್ಟಿಗೆಯಿಂದ ಎದ್ದು ಬಂದ ಆ ವಿಡಿಯೊ ನೋಡದ ಮನೆಯಿರಲಿಲ್ಲ. ಇಂಡಿಪಾಪ್ ಎಂಬ ಹೊಸ ಸಂತೆ ನೆರೆಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಗಾಯಕರಲ್ಲಿ ಬಹುಪಾಲು ಜನರನ್ನೂ ಸಿನಿಮಾ ನುಂಗಿಹಾಕಿತು.

ನಾಜಿಯಾ ಹಸನ್ ಶ್ವಾಸಕೋಶದ ಕ್ಯಾನ್ಸರಿನಿಂದ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. 35 ವರ್ಷ ವಯಸ್ಸು.

2012ರಲ್ಲಿ ಕರಣ್ ಜೋಹರ್ ಅವರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರಕ್ಕೆ ವಿಶಾಲ್–ಶೇಖರ್ ಹಳೆಯ ‘ಡಿಸ್ಕೊ ದೀವಾನೆ’ಯನ್ನು ಎತ್ತಿಕೊಂಡು ಹೊಸ ಹಾಡು ಹೊಸೆದರು. ನಾಜಿಯಾ ದನಿಯ ತುಣುಕನ್ನೂ ಉಳಿಸಿಕೊಂಡರು. ಕೊನೆಗೂ ಆ ಹಾಡಿಗೆ ಹೀರೊ ಹೀರೊಯಿನ್, ಕಾಲೇಜು ಪಾರ್ಟಿ ಎಲ್ಲವೂ ದೊರಕಿತು! ಮೂವತ್ತು ವರ್ಷ ತಪ್ಪಿಸಿಕೊಂಡಿದ್ದ ಹಾಡನ್ನು ಸಿನಿಮಾ ಕಡೆಗೂ ಹಿಡಿದು ತಂದು ಮನೆ ತುಂಬಿಸಿಕೊಂಡಿತು. ಇದೇ ವಿಶಾಲ್–ಶೇಖರ್ 2008ರಲ್ಲಿ ನಮ್ಮ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರಬರಲು ಕಾರಣರಾದವರು ಎಂಬುದನ್ನೂ ಮರೆಯಬಾರದು. ಶಿಶುನಾಳ ಶರೀಫರನ್ನು ಗಿಟಾರಿನ ಜೊತೆ ಹಾಡಿದ ಆ ಆಲ್ಬಮ್ಮಿಗೂ ಸಿನಿಮಾದ ಆಸರೆ ಇರಲಿಲ್ಲ. ಮುರಿಯುವವರೂ ಕಟ್ಟುವವರೂ ಈ ಉದ್ಯಮದಲ್ಲಿ ಬಹಳ ಸಲ ಒಬ್ಬರೇ ಆಗಿರುತ್ತಾರೆ.

ರೀಮಿಕ್ಸ್ ಮಾತ್ರ ಕೇಳಿರುವ ಹುಡುಗರಿಗೆ ಒಂದು ಮಾತು. 1981ರ ಮೂಲ ಆಲ್ಬಂ ಈಗ ಮೊಬೈಲಿನಲ್ಲೇ ಸಿಗುತ್ತದೆ. ಶೀರ್ಷಿಕೆ ಗೀತೆಯನ್ನು ಆಮೇಲೆ ಕೇಳಿದರಾಯಿತು. ಮೊದಲು ‘ಆವೋ ನಾ’ ಹಾಕಿ, ಅದರ ಬೆನ್ನಿಗೆ ‘ಲೇಕಿನ್ ಮೇರಾ ದಿಲ್’. ಇಯರ್‌ಫೋನ್ ಮರೆಯಬೇಡಿ. ಕೇಳಿದ ಮೇಲೆ, ಇದರ ಸಂಗೀತ ಕಟ್ಟಿದವರು ಬೆಂಗಳೂರಿನ ಬಿದ್ದು ಅಪ್ಪಯ್ಯ ಎಂದು ಪಕ್ಕದವರಿಗೂ ಹೇಳಿ. ಆ ಹೆಸರು ಗೊತ್ತಿರುವವರು ನಮ್ಮೂರಿನಲ್ಲಿ ಇಷ್ಟು ಕಡಿಮೆ ಇರಬಾರದು.